ಇಬ್ರಿಗೆ ಕೇಳಿಸುವ ಟ್ರ್ಯಾಕ್ಟರ್

ಮಯ್ಯತ್ತನ್ನು ಎರಡನೇ ಮಹಡಿಯ ತಿರುವಿನಲ್ಲಿ ಓರೆ ಮಾಡಿ ಇಳಿಸುತ್ತಿದ್ದಾಗ, ಸತ್ತವನ ಫೋನು ನಝೀರಾಳ ಮಡಿಲಲ್ಲಿ ಗುಂಯ್ ಎಂದಿತು.

“ಮೆಲ್ಲ, ಮೆಲ್ಲ! ಕಾಲಿನ ಬದಿ ಸ್ವಲ್ಪ ಎತ್ತಿ,” ಎಂದು ಅವಳ ತಮ್ಮ ನೌಶಾದ್ ಕೂಗುವುದು ಮೆಟ್ಟಿಲಿನಿಂದ ಕೇಳುತ್ತಿತ್ತು. ಒಮಾನಿನ ದಾರ್ಸೈಟಿನ ಆ ಹಳೆಯ ಕಟ್ಟಡದ ಲಿಫ್ಟು ಅವಳ ಗಂಡ ಉಮರಬ್ಬನನ್ನು ಮಲಗಿಸಿ ಒಯ್ಯುವಷ್ಟು ಉದ್ದವಿರಲಿಲ್ಲ. ಶುಕ್ರವಾರದ ಇಳಿಹೊತ್ತಿನ ಅಸರ್ ನಮಾಜು ಕಳೆದು ಸ್ವಲ್ಪವೇ ಹೊತ್ತಾಗಿತ್ತು. ಬೆಳಿಗ್ಗೆಯಿಂದ ಊರಿನ ಕರೆಗಳಿಗೆ ಉತ್ತರ ಕೊಟ್ಟು ನಝೀರಾಳ ಗಂಟಲು ಒಣಗಿ ಹೋಗಿತ್ತು. ಇದೂ ಅಂಥದ್ದೇ ಇರಬೇಕೆಂದು ಫೋನನ್ನು ತಿರುಗಿಸಿ ನೋಡಿದಳು.

ತೆರೆಯ ಮೇಲೆ ‘ಉಮ್ಮ’ ಎಂದಿತ್ತು.

ಉಮರಬ್ಬನ ತಾಯಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ದೇರಳಕಟ್ಟೆಯ ಮನೆಯಲ್ಲಿ ಆಕೆಯ ಕಫನಿನ ಬಟ್ಟೆ ಕತ್ತರಿಸಿದವಳು ನಝೀರಾಳೇ.

ಫೋನು ತಾನಾಗಿ ಸುಮ್ಮನಾಯಿತು. ಪಕ್ಕದಲ್ಲಿ ಕುಳಿತು ಕುರಾನಿನ ಯಾಸೀನ್ ಅಧ್ಯಾಯ ಓದುತ್ತಿದ್ದ ಕೆಳಮನೆಯ ಹಸೀಬಾ ಕಣ್ಣಿನಲ್ಲೇ ಯಾರೆಂದು ಕೇಳಿದಳು. ನಝೀರಾ ಹಿಂದಿನ ಕರೆಗಳನ್ನು ಒಂದೊಂದಾಗಿ ಕೆಳಗೆ ತಳ್ಳುತ್ತಾ ಹೋದಳು. ಪ್ರತಿ ಶುಕ್ರವಾರ, ಅಸರ್ ಆದ ಮೇಲೆ, ಉಮ್ಮ. ಏಳು ನಿಮಿಷ. ಒಂಬತ್ತು ನಿಮಿಷ. ಕಳೆದ ವಾರ ಇಪ್ಪತ್ತಮೂರು ನಿಮಿಷ.

ಶುಕ್ರವಾರವೆಂದರೆ ಅವನು ಅಲ್ ಅಮೇರಾತಿನ ಯಾರ್ಡಿಗೆ, ತನ್ನ ಹಳೆಯ ಟ್ರ್ಯಾಕ್ಟರಿನ ಹತ್ತಿರ ಹೋಗುವ ದಿನ. ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ಇಪ್ಪತ್ತಾರು ವರ್ಷ ನಿಂತು, ನಿನ್ನೆ ಅದೇ ಕೌಂಟರಿಗೆ ತಲೆಯಾನಿಸಿ ಪ್ರಾಣ ಬಿಟ್ಟ ಮನುಷ್ಯ. ಅವನಿಗೊಂದು ಗುಟ್ಟು ಇರಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಇನ್ನೊಂದು ಹೆಣ್ಣಿನ ನಂಬರಿಗೆ ಯಾರಾದರೂ ತಾಯಿಯ ಹೆಸರು ಇಡುತ್ತಾರೆಯೇ? ಇಡುವವರು ಅದನ್ನೇ ಇಡುತ್ತಾರೆ ಎಂದು ಕೂಡಲೇ ಅನ್ನಿಸಿತು.

ಬಾಗಿಲ ಬಳಿ ಮೆಕ್ಯಾನಿಕ್ ವಾಲ್ಟರ್ ಬಾಡಿಗೆ ಕುರ್ಚಿಗಳನ್ನು ಮಡಚಿ ಇಡುತ್ತಿದ್ದ. ಟ್ರ್ಯಾಕ್ಟರಿನ ಕೆಲಸದಲ್ಲಿ ಉಮರಬ್ಬನಿಗೆ ಜೊತೆಯಾಗಿದ್ದವನು ಅವನೊಬ್ಬನೇ.

“ವಾಲ್ಟರ್, ಇಲ್ಲಿ ಬನ್ನಿ. ಇದು ಯಾರು?”

ಹಸೀಬಾ ಅವಳ ತೋಳು ಮುಟ್ಟಿದಳು. “ಇವತ್ತು ಇದೆಲ್ಲ ಯಾಕೆ? ಗಂಡ ಸತ್ತು ಇದ್ದತಿಗೆ ಕೂತವಳು ನೀನು.”

“ಇವತ್ತೇ ಬೇಕು.”

ವಾಲ್ಟರ್ ತೆರೆಯನ್ನು ನೋಡಿದ. ಮಡಚುತ್ತಿದ್ದ ಕುರ್ಚಿಯನ್ನು ಮತ್ತೆ ಬಿಡಿಸಿ ಅದರ ಮೇಲೆ ಕುಳಿತ. “ಉಮರಾಕ ನಿಮಗೆ ಹೇಳ್ಲಿಲ್ವಾ ಅಕ್ಕ?” ಎಂದ. “ಇದು ಇಬ್ರಿಯ ಮುದುಕಿ. ಟ್ರ್ಯಾಕ್ಟರಿನ ಮುದುಕಿ.”

*

ಮೂರು ವರ್ಷದ ಹಿಂದೆ, ಸುಮಾರು ಮುನ್ನೂರು ಕಿಲೋಮೀಟರ್ ದೂರದ ಇಬ್ರಿಯ ಒಂದು ಖರ್ಜೂರದ ತೋಟಕ್ಕೆ ಪಂಪಿನ ಸಾಮಾನು ತಲುಪಿಸಲು ಹೋದಾಗ ಉಮರಬ್ಬ ಅದನ್ನು ಕಂಡಿದ್ದ. ಬೂದು ಬಣ್ಣದ ಪುಟ್ಟ ಟ್ರ್ಯಾಕ್ಟರು. ಅರವತ್ತರ ದಶಕದ್ದು. ಟಯರುಗಳು ಮಣ್ಣಿಗೆ ಅಂಟಿ ಹೋಗಿದ್ದವು. ಬಾನೆಟ್ಟಿನ ನೆರಳಿನಲ್ಲಿ ಆಡೊಂದು ಮರಿ ಹಾಕಿತ್ತು. ಜೀವಮಾನವಿಡೀ ಪಾರ್ಟುಗಳನ್ನು ನಂಬರು ನೋಡಿ ಮಾರಿದವನು, ಒಂದೇ ಒಂದು ಎಂಜಿನನ್ನೂ ತನ್ನ ಕೈಯಾರೆ ಓಡಿಸಿದವನಲ್ಲ. ಅದರ ಸುತ್ತ ಮೂರು ಸುತ್ತು ಬಂದು, ಕೊಡುತ್ತೀರಾ ಎಂದು ಕೇಳಿಯೇಬಿಟ್ಟ.

ತೋಟದ ಯಜಮಾನ ಸಾಲಿಂ ಒಪ್ಪಿದ. ಅವನ ಕುರುಡು ತಾಯಿ ಒಪ್ಪಲಿಲ್ಲ. ಗಂಡ ಹಮದ್ ಸತ್ತ ಮೇಲೂ ಆಕೆ ಶುಕ್ರವಾರ ಸಂಜೆ ಅಂಗಳದಲ್ಲಿ ಕಿವಿಗೊಟ್ಟು ಕೂರುತ್ತಿದ್ದಳು. ಅವನು ಟ್ರ್ಯಾಕ್ಟರಿನಲ್ಲಿ ಹೊಲದಿಂದ ಬರುತ್ತಿದ್ದುದು ಆ ಹೊತ್ತಿಗೆ.

“ಅದನ್ನು ಒಯ್ದರೆ ಅವನು ಹೇಗೆ ಬರುತ್ತಾನೆ?” ಎಂದಳು.

“ಎಂಜಿನ್ ಸತ್ತು ಹನ್ನೆರಡು ವರ್ಷ ಆಯಿತು, ಉಮ್ಮಾ,” ಎಂದ ಸಾಲಿಂ.

ಉಮರಬ್ಬ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಗೊತ್ತಿದ್ದ ಅರಬಿಯಲ್ಲಿ ಹೇಳಿದ: “ನಾನು ಅದಕ್ಕೆ ಜೀವ ಬರಿಸುತ್ತೇನೆ. ಪ್ರತಿ ಶುಕ್ರವಾರ ನಿಮಗೆ ಕೇಳಿಸುತ್ತೇನೆ.”

ಮುದುಕಿ ಅವನ ಮುಖವನ್ನು ಬೆರಳಿನಿಂದ ತಡವಿದಳು. “ಹಾಗಾದರೆ ನನ್ನನ್ನು ಉಮ್ಮ ಅನ್ನು,” ಎಂದಳು.

*

“ಹದಿನೆಂಟು ತಿಂಗಳು ತೆಗೊಂಡಿತು,” ವಾಲ್ಟರ್ ಹೇಳಿದ. “ಪಿಸ್ಟನ್ ನಾಲ್ಕೂ ಜಾಮ್. ನಲ್ವತ್ತು ದಿವಸ ಡೀಸೆಲಿನಲ್ಲಿ ನೆನೆಸಿಟ್ಟು, ಮರದ ಸುತ್ತಿಗೆಯಲ್ಲಿ ದಿನಕ್ಕೆ ಕೂದಲೆಳೆಯಷ್ಟು ಸರಿಸಿದ್ದು. ಸ್ಟಾರ್ಟ್ ಆದ ದಿವಸ ಇವರು ಮಕ್ಕಳ ಹಾಗೆ ಕೂಗಿದ್ರು. ಕೂಡ್ಲೇ ಫೋನ್ ಮಾಡಿ ಎಂಜಿನಿನ ಹತ್ರ ಹಿಡಿದ್ರು. ಮುದುಕಿ ಅಳ್ಲಿಲ್ಲ ಅಕ್ಕ. ಗಂಡನ ಹತ್ರ ಮಾತಾಡ್ಲಿಕ್ಕೆ ಸುರು ಮಾಡಿದಳು. ನಾಲೆಯ ನೀರಿನ ಪಾಳಿ ನಾಳೆ ನಮ್ಮದು, ಮರೀಬೇಡ, ಅಂತ.”

“ಇವರು ಎಂತ ಮಾಡಿದ್ರು?”

“ಸುರುವಿಗೆ ಸುಮ್ಮನೆ ಹಿಡ್ಕೊಂಡು ನಿಲ್ತಿದ್ರು. ಆಮೇಲೆ ಉತ್ತರ ಹೇಳ್ಲಿಕ್ಕೆ ಸುರು ಮಾಡಿದ್ರು.” ವಾಲ್ಟರ್ ದನಿ ತಗ್ಗಿಸಿದ. “ನನಗೆ ಅದು ಸರಿ ಕಾಣ್ಲಿಲ್ಲ. ಕಳೆದ ವಾರ ಮುದುಕಿ ಕೇಳಿದಳು, ಆ ಬಿಳಿ ಆಡನ್ನು ಯಾರಿಗೆ ಕೊಟ್ಟೆ ನಿಜ ಹೇಳು ಅಂತ. ಇವರು ಒಮ್ಮೆಗೇ, ನಿನ್ನ ತಂಗಿಯ ಮಗನಿಗೆ, ಅವನ ಮದುವೆಗೆ, ಅಂದ್ರು. ಅತ್ತ ಕಡೆಯಿಂದ ನಗು. ಮೂವತ್ತು ವರ್ಷ ಕಳ್ಳ ಒಯ್ದ ಅಂತ ಸುಳ್ಳು ಹೇಳಿದೆಯಲ್ಲ, ಅಂದಳು.”

“ಇವರಿಗೆ ಹೇಗೆ ಗೊತ್ತು?”

“ನಾನೂ ಅದನ್ನೇ ಕೇಳಿದೆ. ‘ಬಾಯಿಗೆ ಬಂತು ಮಾರಾಯ’ ಅಂದ್ರು. ಇನ್ನು ಬಿಡಿ ಉಮರಾಕ, ಅಂದೆ. ‘ಒಪ್ಪಿ ಆಗಿದೆ, ಹೇಗೆ ಬಿಡುವುದು?’ ಅಂದ್ರು.”

ಹಸೀಬಾ ಓದುವುದನ್ನು ನಿಲ್ಲಿಸಿದ್ದಳು.

ಫೋನು ಮತ್ತೆ ರಿಂಗಾಯಿತು. ಉಮ್ಮ.

“ತೆಗೀಬೇಡ,” ಎಂದಳು ಹಸೀಬಾ.

ವಾಲ್ಟರ್ ಎದ್ದು ನಿಂತ. “ಅರ್ಧ ಗಂಟೆ ಕಾಯ್ಲಿಕ್ಕೆ ಹೇಳಿ ಅಕ್ಕ. ನಾನು ಅಮೇರಾತಿಗೆ ಹೋಗಿ ಸ್ಟಾರ್ಟ್ ಮಾಡಿ ನಿಮಗೆ ಫೋನ್ ಮಾಡ್ತೇನೆ. ಇದೊಂದು ವಾರ ಕೇಳ್ಲಿ. ಸತ್ತ ಸುದ್ದಿ ಸಾಲಿಂ ಮೆಲ್ಲ ಹೇಳ್ತಾನೆ.” ಅವನು ಮೆಟ್ಟಿಲಿಳಿದು ಓಡಿದ ಸದ್ದು ಕೇಳಿಸಿತು.

ನಝೀರಾ ಫೋನೆತ್ತಿದಳು. ನರ್ಸರಿಯಲ್ಲಿ ಒಮಾನಿ ಮಕ್ಕಳನ್ನು ಆರು ವರ್ಷ ಆಡಿಸಿದವಳಿಗೆ ಅರಬಿ ಸಾಕಷ್ಟು ಬರುತ್ತಿತ್ತು. “ಉಮ್ಮಾ, ನಾನು ಉಮರಬ್ಬನ ಹೆಂಡತಿ,” ಎಂದಳು. ಸತ್ತರು ಎನ್ನುವ ಶಬ್ದ ನಾಲಗೆಯ ತುದಿಯವರೆಗೆ ಬಂದು ನಿಂತಿತು. “ಇವತ್ತು ಸ್ವಲ್ಪ ತಡವಾಗುತ್ತದೆ. ಅರ್ಧ ಗಂಟೆ ಕಾಯಿರಿ.”

“ಯಾಕೆ ಕಾಯಬೇಕು ಮಗಳೇ?” ಮುದುಕಿಯ ದನಿ ತೆಳ್ಳಗಿತ್ತು, ಗೆಲುವಾಗಿತ್ತು. “ಬಂದಾಯಿತಲ್ಲ. ಅದನ್ನು ಹೇಳಲಿಕ್ಕೇ ಕರೆದೆ. ಇವತ್ತು ಫೋನಿನಲ್ಲಿ ಅಲ್ಲ, ತೋಟದ ಕಡೆಯಿಂದಲೇ ಬರುತ್ತಿದ್ದಾನೆ.”

ನಝೀರಾ ಕಿವಿಗೊಟ್ಟಳು. ಮುದುಕಿಯ ಉಸಿರಿನ ಹಿಂದೆ, ಬಹು ದೂರದಲ್ಲಿ, ಒಂದು ಎಂಜಿನ್ ಬಡಿಯುತ್ತಿತ್ತು. ತೋಟದ ಪಂಪು ಇರಬೇಕು ಎಂದುಕೊಂಡಳು. ಆದರೆ ಪಂಪು ಹತ್ತಿರ ಬರುವುದಿಲ್ಲ. ಇದು ಬರುತ್ತಿತ್ತು.

“ಭಾರ ಜಾಸ್ತಿ ಇದೆ,” ಮುದುಕಿ ಹೇಳಿದಳು. “ಎಂಜಿನ್ ಏದುತ್ತಿದೆ, ಕೇಳಿಸಿತಾ? ಇಬ್ಬರು ಕೂತಿದ್ದಾರೆ. ಹಮದ್ ಯಾರನ್ನೂ ಹತ್ತಿಸಿಕೊಳ್ಳುವವನಲ್ಲ.”

ಬಾಗಿಲ ಬೆಲ್ ಆಯಿತು. ಹಸೀಬಾ ಎದ್ದು ತೆರೆದಳು. ವಾಲ್ಟರ್ ಏದುಸಿರು ಬಿಡುತ್ತಾ ನಿಂತಿದ್ದ. “ಯಾರ್ಡಿನ ಕೀ ಉಮರಾಕನ ಗೊಂಚಲಲ್ಲೇ ಉಂಟು. ಕೆಳಗೆ ಗೇಟ್‌ವರೆಗೆ ಹೋಗಿ ನೆನಪಾಯ್ತು—”

ನಝೀರಾ ಕೈಯೆತ್ತಿ ಅವನನ್ನು ಸುಮ್ಮನಿರಿಸಿದಳು. ಸ್ಪೀಕರು ಒತ್ತಿದಳು.

ಟ್ರ್ಯಾಕ್ಟರಿನ ಬಡಿತ ಕೋಣೆಯನ್ನು ತುಂಬಿತು. ವಾಲ್ಟರ್ ಒಂದು ಕ್ಷಣ ಕೇಳಿದ. “ಇದು ನಮ್ಮದೇ,” ಎಂದ. ಮೆಲ್ಲಗೆ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ.

“ಅಂಗಳಕ್ಕೆ ಬಂತು,” ಎಂದಳು ಮುದುಕಿ. “ಮಗಳೇ, ನಿನಗೆ ಏನಾದರೂ ಕೇಳಲಿಕ್ಕಿದೆಯಾ?”

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಕೇಳದೆ ಉಳಿದದ್ದು ಎಷ್ಟೋ ಇತ್ತು. ನಝೀರಾ ಬಾಯಿ ತೆರೆದಾಗ ಬಂದದ್ದು ಒಂದೇ.

“ಅವರು ನಿನ್ನೆ ಮಧ್ಯಾಹ್ನ ಊಟ ಮಾಡಿಲ್ಲ. ಏನಾದರೂ ತಿಂದಿದ್ದಾರಾ ಕೇಳಿ.”

ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಆಮೇಲೆ ಬಂದ ಮೌನದಲ್ಲಿ ಕಬ್ಬಿಣದ ಸೀಟೊಂದು ಕಿರ್ ಎಂದಿತು. ಜಲ್ಲಿಯ ಮೇಲೆ ಯಾರೋ ಇಳಿದರು; ಚಪ್ಪಲಿಯ ಕಾಲು. ಹೆಜ್ಜೆಗಳು ಮುದುಕಿಯ ಬಳಿಗೆ ನಡೆದು ಹೋದವು.

ನಝೀರಾ ಸ್ಪೀಕರು ಆರಿಸಿ, ಫೋನನ್ನು ಕಿವಿಗೆ ಒತ್ತಿಕೊಂಡು, ಇನ್ನೊಬ್ಬರು ಇಳಿಯುವುದನ್ನು ಕಾದಳು.