ಚೌಕದೊಳಗೆ ಕರಗಿದ ಇಗರ್ಜಿ

ರೊಮೇನಿಯದ ಸಿಬಿಯು ಊರಿನ ಒಂದು ಪ್ರಯೋಗಶಾಲೆಯಲ್ಲಿ, ಸ್ಮರಾಂಡಾಳ ಮುಂದೆ ವರದಿ ತಯಾರಾಗಿ ಕುಳಿತಿತ್ತು. ‘ರೇಡಿಯೊ ಕಂಬದಿಂದ ಹಳ್ಳಿಗೆ ಅಪಾಯವಿಲ್ಲ’ ಎಂಬ ಸಾಲಿನ ಕೆಳಗೆ ಅವಳ ಸಹಿಯೊಂದೇ ಬಾಕಿ.

ಆ ಕಂಬದ ಅಲೆ ಬಲು ಉದ್ದದ್ದು, ಹೆಚ್ಚುಕಡಿಮೆ ಎರಡು ಕಿಲೋಮೀಟರು. ಲೆಕ್ಕಕ್ಕಾಗಿ ನೆಲವನ್ನು ಕಂಪ್ಯೂಟರಿನಲ್ಲಿ ಚೌಕಗಳಾಗಿ ಹಂಚುವಾಗ ಒಂದು ಅಲೆಯ ಉದ್ದಕ್ಕೆ ಹತ್ತು ಚೌಕ ಎಂಬುದು ಅಲ್ಲಿ ಲಾಗಾಯ್ತಿನಿಂದ ನಡೆದುಬಂದ ಕಟ್ಟಳೆ. ಹಾಗಾಗಿ ಆ ಚೌಕಗಳ ಜಾಲರಿಯಲ್ಲಿ ಒಂದೊಂದು ಚೌಕವೂ ಇನ್ನೂರು ಮೀಟರು. ಹಳ್ಳಿಯ ಮರದ ಇಗರ್ಜಿ, ಸುತ್ತಲಿನ ಸಮಾಧಿಗಳು, ಪ್ಲಮ್ ತೋಟ ಎಲ್ಲವೂ ಒಂದೇ ಚೌಕದ ಹೊಟ್ಟೆಯಲ್ಲಿ ಕರಗಿಹೋಗಿದ್ದವು.

ಹೋದ ಭಾನುವಾರ ಅವಳು ಆ ಇಗರ್ಜಿಗೆ ಹೋಗಿ ಮೇಣದಬತ್ತಿ ಹಚ್ಚಿ ಬಂದಿದ್ದಳು. ಗಂಟೆ ಬಾರಿಸುವ ಗಾವ್ರಿಲ್ ಅಜ್ಜ ಸುಟ್ಟ ಅಂಗೈ ತೋರಿಸಿದ್ದ. ಗಂಟೆಯ ಸೆಣಬಿನ ಹಗ್ಗ ಹಳತಾಯಿತೆಂದು ಈಸ್ಟರಿಗೆ ಉಕ್ಕಿನ ತಂತಿ ಕಟ್ಟಿದ್ದರಂತೆ.

“ಮುಟ್ಟಿದ್ರೆ ಕಚ್ತದೆ ಮಗಳೇ. ನನ್ನ ಪಾಪ ಅಂತಾರೆ ಪಾದ್ರಿಗಳು. ಅಷ್ಟೊಂದು ಪಾಪ ಮಾಡೋಕೆ ನಂಗೆ ಪುರುಸೊತ್ತೆಲ್ಲಿತ್ತು?”

ಮುಖ್ಯಸ್ಥ ವಲೇರಿಯು ಬಂದು ಪೆನ್ನು ಚಾಚಿದ. ಅವಳಿಗೆ ಪಾಠ ಹೇಳಿದವನೂ ಅವನೇ.

“ಇನ್ನೂ ಸಹಿ ಆಗಿಲ್ವಾ? ಹತ್ತು ಚೌಕ ಸಾಲ್ದಾ ನಿಂಗೆ?”

“ಅಲೆಗೆ ಸಾಕು ಮೇಷ್ಟ್ರೇ. ತಂತಿಗೆ ಸಾಲ್ದು.”

“ತಂತಿ ಕಾಣೋ ಹಾಗೆ ಜಾಲರಿ ಹೆಣೆದ್ರೆ ಆ ಕಂಪ್ಯೂಟರು ಕ್ರಿಸ್‌ಮಸ್‌ವರೆಗೂ ಓಡ್ಬೇಕು.”

“ಇಡೀ ಹಳ್ಳಿಗೆ ಹೆಣೆದ್ರೆ ತಾನೆ? ಅಷ್ಟುದ್ದದ ಅಲೆಗೆ ಇಗರ್ಜಿ ಅಂಗಳ ಒಂದು ಚುಕ್ಕಿ. ಆ ತುದೀಲೂ ಈ ತುದೀಲೂ ಅಲೆ ಒಟ್ಟಿಗೇ ಏರ್ತದೆ, ಒಟ್ಟಿಗೇ ಇಳೀತದೆ. ಅದಕ್ಕೆ ಅಂಗಳ ಒಂದನ್ನೇ ತಗೊಂಡು ಗೇಣುದ್ದದ ಚೌಕ ಹಾಕ್ದೆ. ನಾನು ಊಟ ಮಾಡಿ ಬರೋದ್ರೊಳಗೆ ಮುಗೀತು. ಕಂಬದ ಅಲೆ ತಂತೀಲಿ ಕರೆಂಟು ಹುಟ್ಟಿಸ್ತದೆ, ಹಿಡಿದವರ ಕೈಗೆ ಸುರಕ್ಷತೆಯ ಮಿತಿಯ ಎರಡು ಪಟ್ಟು ಹೋಗ್ತದೆ.”

“ಮಾಡು ಅಂತ ಯಾರು ಹೇಳಿದ್ರು?”

“ಅಜ್ಜನ ಅಂಗೈ.”

ವಲೇರಿಯು ವರದಿಯನ್ನು ಅವಳತ್ತ ತಳ್ಳಿದ. “ಸಹಿ ಹಾಕು. ಇಲ್ಲಾಂದ್ರೆ ನಾಳೆಯಿಂದ ಈ ಕುರ್ಚೀಲಿ ಬೇರೆಯವ್ರು ಕೂರ್ತಾರೆ.”

ಸ್ಮರಾಂಡಾ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಪೆನ್ನು ತೆಗೆದುಕೊಂಡಳು. ‘ಅಪಾಯವಿಲ್ಲ’ ಎಂಬುದನ್ನು ಹೊಡೆದುಹಾಕಿ ದುಂಡಗೆ ಬರೆದಳು: ‘ಈ ಲೆಕ್ಕದಲ್ಲಿ ಇಗರ್ಜಿ ಇಲ್ಲ. ಗಂಟೆಯ ತಂತಿಯನ್ನು ಯಾರೂ ಮುಟ್ಟಬಾರದು.’ ಅದರ ಕೆಳಗೆ ತನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.

“ಸಹಿ ಹಾಕಿದೀನಿ ಮೇಷ್ಟ್ರೇ.”

“ಎಲ್ಲಿಗೆ ಹೊರಟೆ?”

“ಸೆಣಬಿನ ಹಗ್ಗ ತರೋಕೆ,” ಎಂದು ಕೋಟು ತೊಟ್ಟಳು. “ಆರಕ್ಕೆಲ್ಲ ಅಂಗಡಿ ಮುಚ್ತಾರೆ.”