ಒಳಗೆ ಹೋಗಿಬರುವ ಅಳತೆ

ಆಟಿ ತಿಂಗಳಲ್ಲಿ ನಮ್ಮ ಕಡೆ ಯಾರೂ ಮದುವೆಯ ಮಾತೆತ್ತುವುದಿಲ್ಲ. ಹಾಗಾಗಿ ಬಂಟ್ವಾಳದ ರಮಾನಾಥನಿಗೆ ವರ್ಷಕ್ಕೊಂದು ತಿಂಗಳು ರಜೆ. ಅವನು ಸಂಬಂಧ ನೋಡುವವನು. ದಲ್ಲಾಳಿ ಎಂದರೆ ಅವನಿಗೆ ಬೇಸರವಾಗುತ್ತದೆ, ಬ್ರೋಕರ್ ಎಂದರೆ ಇನ್ನೂ ಹೆಚ್ಚು. ಮೂವತ್ತೊಂದು ವರ್ಷ ಅವನು ಮೂಡುಬಿದಿರೆ, ಬೆಳ್ತಂಗಡಿ, ವೇಣೂರು ಎಂದು ಬಸ್ಸಿನಲ್ಲೇ ಓಡಾಡಿದ್ದಾನೆ. ಈಗ ಬಸ್ಸಿನ ಮೆಟ್ಟಿಲು ಹತ್ತುವಾಗ ಮೊಣಕಾಲು ಸದ್ದು ಮಾಡುತ್ತದೆ, ಕಂಡಕ್ಟರನಿಗೂ ಅದು ಕೇಳಿಸುತ್ತದೆ.

ಮೊದಲೆಲ್ಲ ಅವನ ಚೀಲದಲ್ಲಿ ಕಂದು ಬಣ್ಣದ ಕವರುಗಳಿರುತ್ತಿದ್ದವು. ಒಂದು ಕವರಿನಲ್ಲಿ ಒಬ್ಬ ಹುಡುಗನ ಫೋಟೊ, ಜಾತಕದ ನಕಲು. ಹೆಣ್ಣಿನ ಮನೆಯ ಚಾವಡಿಯಲ್ಲಿ ಕವರು ಕೈಯಿಂದ ಕೈಗೆ ಹೋಗಿ, ಕೊನೆಗೆ ಯಾರೋ ಹೆಂಗಸರೊಂದಿಗೆ ಒಳಗೆ ಹೋಗುತ್ತಿತ್ತು. ಅರ್ಧ ಗಂಟೆ ಬಿಟ್ಟು ಹೊರಗೆ ಬರುತ್ತಿತ್ತು, ಕೆಲವೊಮ್ಮೆ ಮರುದಿನ. ಕೆಲವು ಫೋಟೊಗಳ ಮೂಲೆಯಲ್ಲಿ ತೆಂಗಿನೆಣ್ಣೆಯ ಬೆರಳಚ್ಚು ಇರುತ್ತಿತ್ತು. ಒಳಗೆ ಏನಾಗುತ್ತದೆ ಎಂದು ರಮಾನಾಥ ಕೇಳಿದವನಲ್ಲ. ಒಳಗೆ ಕಾಫಿಯಾಗುತ್ತದೆ ಎಂದಷ್ಟೇ ಅವನ ತಿಳುವಳಿಕೆ.

ಆಮೇಲೆ ಫೋನು ಬಂತು. ಫೋಟೊ ಅಂಗೈಯಷ್ಟಾಯಿತು. ಅಜ್ಜಿಯಂದಿರು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ "ಕಾಣುವುದಿಲ್ಲ ಮಗಾ, ಒಳ್ಳೆಯವನೇ ಇರಬಹುದು" ಎಂದು ವಾಪಸು ಕೊಡುತ್ತಿದ್ದರು. ಒಮ್ಮೆ ಬೆಳ್ತಂಗಡಿಯ ಒಂದು ಮನೆಯಲ್ಲಿ ಹುಡುಗನ ಫೋಟೊ ತೋರಿಸುತ್ತಿದ್ದಾಗಲೇ, ಅದೇ ಹುಡುಗನನ್ನು ನೋಡಿಟ್ಟಿದ್ದ ಇನ್ನೊಂದು ಮನೆಯಿಂದ ಕರೆ ಬಂದು, ಆ ಮನೆಯವರ ಹೆಸರು ಹುಡುಗನ ಹಣೆಯ ಮೇಲೆ ಮೂಡಿತು. ಎರಡೂ ಮನೆ ಹೋಯಿತು.

ಎರಡು ವರ್ಷದಿಂದ ಒಂದೂ ಸಂಬಂಧ ಕೂಡಿಬಂದಿರಲಿಲ್ಲ. ಹೆಂಡತಿ ನೀಲಾವತಿ ಒಂದು ದಿನ ಹಪ್ಪಳ ಒಣಗಿಸುತ್ತಾ ಹೇಳಿದಳು: "ವೇಣೂರಿನ ಪದ್ಮಾಕ್ಷಿಯಕ್ಕನ ಸಣ್ಣ ಮಗಳದ್ದೊಂದು ಮಾಡಿ. ದೊಡ್ಡವಳದ್ದು ನೀವೇ ಮಾಡಿಸಿದ್ದಲ್ವಾ, ಅವರಿಗೆ ನಿಮ್ಮ ಮೇಲೆ ನಂಬಿಕೆ ಉಂಟು. ಅದಾದ ಮೇಲೆ ಸಾಕು. ಮನೆಯಲ್ಲಿ ಕೂತ್ಕೊಳ್ಳಿ."

"ಆಗದಿದ್ದರೆ?"

"ಆಗದಿದ್ದರೂ ಕೂತ್ಕೊಳ್ಳಿ. ಆದರೆ ಆಗ ಕೂತದ್ದು ಚಂದ ಕಾಣುವುದಿಲ್ಲ."

ಪದ್ಮಾಕ್ಷಿಯ ಸಣ್ಣ ಮಗಳು ಸುಪ್ರೀತಾ. ಮೂವತ್ತಮೂರು ವರ್ಷ, ಉಜಿರೆಯ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ. ರಮಾನಾಥನ ಮನಸ್ಸಿನಲ್ಲಿ ಅವಳಿಗೊಬ್ಬ ಹುಡುಗ ಇದ್ದ: ರಂಜಿತ್, ಮೂವತ್ತೇಳು ವರ್ಷ. ಒಂಬತ್ತು ವರ್ಷ ಮಸ್ಕತ್ತಿನಲ್ಲಿದ್ದು ಬಂದು, ಪಾಣೆಮಂಗಳೂರಿನಲ್ಲಿ ನೀರಿನ ಪಂಪು ರಿಪೇರಿಯ ಅಂಗಡಿ ಇಟ್ಟಿದ್ದ. ಅವನ ಬಗ್ಗೆ ಹೇಳಲು ಒಂದೂ ಸುಳ್ಳು ಬೇಕಾಗಿರಲಿಲ್ಲ. ಇಷ್ಟು ವರ್ಷದ ವೃತ್ತಿಯಲ್ಲಿ ಇದು ರಮಾನಾಥನಿಗೆ ಅಷ್ಟೇನೂ ಪರಿಚಯವಿಲ್ಲದ ಪರಿಸ್ಥಿತಿ. ಈ ಒಂದನ್ನು ಕೆಡಿಸಬಾರದು ಎಂದುಕೊಂಡು ಆಟಿಯ ಮಳೆಯಲ್ಲಿ ಕೊಡೆ ಹಿಡಿದು ಬಿ.ಸಿ. ರೋಡಿಗೆ, ಅಬ್ದುಲ್ ರವೂಫನ ಮೊಬೈಲ್ ಅಂಗಡಿಗೆ ಹೋದ. ನೀಲಾವತಿಯ ತಂಗಿಯ ಮಗ ಒಂದು ಟ್ಯಾಬ್ ತೆಗೆದುಕೊಳ್ಳಿ ಎಂದಿದ್ದ. ಅದಕ್ಕೆ ಸಿಮ್ ಬೇಡ, ಕರೆ ಬರುವುದಿಲ್ಲ.

ರವೂಫ್ ಗಾಜಿನ ಮೇಲೆ ಮೂರು ಟ್ಯಾಬ್ ಸಾಲಾಗಿ ಇಟ್ಟ. ಎಂಟು ಇಂಚು, ಹತ್ತೂವರೆ, ಹನ್ನೆರಡೂವರೆ.

"ಇದು ಹನ್ನೆರಡೂವರೆ ಎಲ್ಲಿ ಉಂಟು ಮಾರಾಯಾ? ಸ್ಕೇಲ್ ಇಟ್ಟು ನೋಡುವ."

"ಅಡ್ಡಕ್ಕೆ ಅಲ್ಲ ರಮಾನಾಥಣ್ಣ, ಮೂಲೆಯಿಂದ ಮೂಲೆಗೆ. ಕಂಪನಿಯವರು ಹಾಗೆ ಅಳೆಯುವುದು."

ರಮಾನಾಥನಿಗೆ ಕಂಪನಿಯ ಮೇಲೆ ಗೌರವ ಹುಟ್ಟಿತು. ಹುಡುಗರನ್ನು ಅವನೂ ಎಲ್ಲಿಂದ ಅಳೆದರೆ ಹೆಚ್ಚು ಬರುತ್ತದೋ ಅಲ್ಲಿಂದಲೇ ಅಳೆಯುತ್ತ ಬಂದವನು.

ರವೂಫನ ತಂಗಿ ಶಮ್ನಾ ಒಂದು ಫೋನಿನ ಹೊಟ್ಟೆ ಬಿಚ್ಚಿಕೊಂಡು ಒಳಗಿನ ಮೇಜಿನಲ್ಲಿ ಕೂತಿದ್ದಳು. ತಲೆಯೆತ್ತದೆಯೇ ಕೇಳಿದಳು: "ಯಾರು ನೋಡ್ಲಿಕ್ಕೆ, ರಮಾನಾಥಣ್ಣ? ಎಲ್ಲಿ ಕೂತು ನೋಡುವುದು?"

"ಮನೆಯವರು. ಚಾವಡಿಯಲ್ಲಿ."

"ಎಲ್ಲರೂ?"

"ಮತ್ತೆ? ಮದುವೆ ಅಂದ್ರೆ ಒಬ್ಬರು ನೋಡುವುದಾ?"

ಶಮ್ನಾ ಬಿಚ್ಚಿದ ಫೋನಿನ ಕಡೆಗೆ ಮತ್ತೆ ಬಾಗಿದಳು. "ದೊಡ್ಡದು ತಗೊಳ್ಳಿ" ಎಂದ ರವೂಫ್, ಅಂಗಡಿಯವನು ಹೇಳಬೇಕಾದ್ದನ್ನೇ. "ಅಜ್ಜಿಗೂ ಕಾಣ್ತದೆ, ಅಜ್ಜನಿಗೂ ಕಾಣ್ತದೆ. ಕಣ್ಣಿಲ್ಲದವರಿಗೂ ಅಂದಾಜಾಗ್ತದೆ."

ಹನ್ನೆರಡೂವರೆ ಇಂಚಿನದು ಚೀಲ ಸೇರಿತು. ಚೀಲದ ಜಿಪ್ಪು ಪೂರ್ತಿ ಬೀಳಲಿಲ್ಲ.

ಆಟಿ ಕಳೆದು ಸೋಣ ತಿಂಗಳು ಹುಟ್ಟಿದ ಮೇಲೆ ಮೊದಲ ಮನೆ ಮೂಡುಬಿದಿರೆಯಲ್ಲಿ. ಟೀಪಾಯಿಯ ಮೇಲೆ ನೀರಿನ ಚೊಂಬಿಗೆ ಒರಗಿಸಿ ಟ್ಯಾಬ್ ನಿಲ್ಲಿಸಿದ. ಏಳು ಮಂದಿ ಒಟ್ಟಿಗೆ ನೋಡಿದರು, ಏಳು ಮಂದಿ ಒಟ್ಟಿಗೆ ಮಾತಾಡಿದರು. ಚಿಕ್ಕಪ್ಪನೊಬ್ಬ ಎರಡು ಬೆರಳಿನಿಂದ ಫೋಟೊ ಹಿಗ್ಗಿಸಿ ಹುಡುಗನ ಹಲ್ಲು ಎಣಿಸಿದ. ಬೆಳ್ತಂಗಡಿಯ ಇನ್ನೊಂದು ಮನೆಯಲ್ಲಿ ಹುಡುಗನನ್ನು ಬಿಟ್ಟು ಹಿಂದಿದ್ದ ಗೋಡೆಯನ್ನು ಹಿಗ್ಗಿಸಿದರು. "ಬಿರುಕು ಉಂಟಲ್ಲ, ಬಾಡಿಗೆ ಮನೆಯಾ?" ಕವರಿನ ಕಾಲದಲ್ಲಿ ಹುಡುಗ ಎಷ್ಟು ಸಣ್ಣಗೆ ಇದ್ದನೋ ಅಷ್ಟೇ ಸಣ್ಣ ಅವನ ದೋಷಗಳೂ ಇದ್ದವು. ಈಗ ಹುಡುಗರು ಸಿನಿಮಾದಷ್ಟಾದರು, ಆದರೆ ಮೇಕಪ್ಪಿಲ್ಲ.

ಹೀಗೆ ನಾಲ್ಕು ಮನೆ ಮುಗಿಯಿತು. ಚೀಲದ ಭಾರಕ್ಕೆ ಎಡಭುಜ ನೋಯುತ್ತಿತ್ತು. ಜನ ಕೆಟ್ಟುಹೋದರು ಎಂದು ಅವನು ಬಸ್ಸಿನ ಕಿಟಕಿಗೆ ತಲೆಯಾನಿಸಿ ತೀರ್ಮಾನಿಸಿದ. ಕೆಟ್ಟದ್ದು ಟ್ಯಾಬಿನಿಂದ ಎಂದು ಅವನಿಗೆ ಹೊಳೆಯಲಿಲ್ಲ. ಅದು ಚೆನ್ನಾಗಿಯೇ ಓಡುತ್ತಿತ್ತಲ್ಲ.

ಆದಿತ್ಯವಾರ ವೇಣೂರಿಗೆ ಹೋದ. ಪದ್ಮಾಕ್ಷಿಯ ಗಂಡ ತೀರಿಹೋಗಿ ಹತ್ತು ವರ್ಷ. ಆ ಮನೆಯ ಮಾತು ಅವಳ ಅಣ್ಣ ತುಕ್ರಪ್ಪನದ್ದು. ಮೂಡುಬಿದಿರೆಯಲ್ಲಿ ಹೋಟೆಲು ನಡೆಸುತ್ತಿದ್ದ ತುಕ್ರಪ್ಪ ಆದಿತ್ಯವಾರ ಮಾತ್ರ ಬರುತ್ತಿದ್ದ, ಆದರೆ ಆರು ದಿನದ ಅಭಿಪ್ರಾಯವನ್ನು ಒಟ್ಟಿಗೆ ತರುತ್ತಿದ್ದ. ಸೋದರಮಾವ ಬೇಡ ಎಂದರೆ ಆ ಮನೆಯಲ್ಲಿ ಬೇಡವೇ.

ಟ್ಯಾಬ್ ಟೀಪಾಯಿಯ ಮೇಲೆ ಬಂತು. ತುಕ್ರಪ್ಪ, ಅವನ ಹೆಂಡತಿ, ಇಬ್ಬರು ಮಕ್ಕಳು, ಪಕ್ಕದ ಮನೆಗೆ ಬಂದಿದ್ದ ಒಬ್ಬರು, ಎಲ್ಲರೂ ಬಾಗಿದರು. ರಂಜಿತ್ ತನ್ನ ಅಂಗಡಿಯ ಮುಂದೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದ. ಸ್ಟುಡಿಯೋಕ್ಕೆ ಹೋಗು ಎಂದರೆ ಪುರುಸೊತ್ತಿಲ್ಲ ಎಂದಿದ್ದ.

ತುಕ್ರಪ್ಪ ಎರಡು ಬೆರಳಿಟ್ಟು ಹಿಗ್ಗಿಸಿದ. ರಂಜಿತನ ಹಣೆ ಹನ್ನೆರಡೂವರೆ ಇಂಚಿನ ತುಂಬ ಹರಡಿತು.

"ಕೂದಲು ಹಿಂದೆ ಹೋಗಿದೆಯಲ್ಲ, ರಮಾನಾಥಣ್ಣ."

"ಗಲ್ಫಿನ ನೀರು, ತುಕ್ರಪ್ಪಣ್ಣ."

"ನೀರಿನವನೇ ಅಲ್ವಾ ಅವನು? ಸ್ವಂತ ತಲೆಗೆ ಒಳ್ಳೆಯ ನೀರು ಹಾಕ್ಲಿಕ್ಕೆ ಆಗಲಿಲ್ಲ?"

ಮಕ್ಕಳು ನಕ್ಕರು. ಪಕ್ಕದ ಮನೆಗೆ ಬಂದವರೂ ನಕ್ಕರು. ಸುಪ್ರೀತಾ ಕಾಫಿಯ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಐದು ತಲೆಗಳ ಮೇಲಿನಿಂದ ಅವಳಿಗೆ ಕಂಡದ್ದು ಒಂದು ಹಣೆ ಮಾತ್ರ.

"ನೀನೂ ನೋಡಿದಿಯಲ್ಲ ಮಗಾ?" ಪದ್ಮಾಕ್ಷಿ ಕೇಳಿದಳು.

"ಎಲ್ಲರೂ ನೋಡಿ ಆಯ್ತಲ್ಲ ಅಮ್ಮ" ಎಂದು ಅವಳು ತಟ್ಟೆ ಇಟ್ಟು ಒಳಗೆ ಹೋದಳು.

"ಬೇರೆ ನೋಡುವ" ಎಂದ ತುಕ್ರಪ್ಪ, ಗೋಣಿಯಿಂದ ಬದನೆ ಆರಿಸುವವನ ಹಾಗೆ.

ಹೊರಡುವ ಮುಂಚೆ ರಮಾನಾಥ ಹಿಂದಿನ ಅಂಗಳದಲ್ಲಿ ಕೈ ತೊಳೆಯಲು ಹೋದ. ಸುಪ್ರೀತಾ ನೀರು ಹಾಕಿದಳು.

"ರಮಾನಾಥಣ್ಣ, ನೀವು ಈಗ ಕವರು ತರುವುದಿಲ್ವಾ?"

"ಕವರಿನ ಕಾಲ ಹೋಯಿತಲ್ಲ ಮಗಾ. ಯಾಕೆ?"

"ಅಕ್ಕನಿಗೆ ಭಾವನ ಫೋಟೊ ತಂದದ್ದು ನೆನಪುಂಟು. ಎರಡು ದಿನ ಅಕ್ಕಿ ಡಬ್ಬಿಯ ಮೇಲೆ ಇತ್ತು. ಅವಳು ಅಕ್ಕಿ ತೆಗೆಯುವಾಗ ನೋಡ್ತಿದ್ದಳು, ಇಡುವಾಗ ನೋಡ್ತಿದ್ದಳು. ನಾವು ಯಾರೂ ಇಲ್ಲದಾಗ ಇನ್ನೂ ಎಷ್ಟು ಸಲ ನೋಡಿದಳೋ. ಆಮೇಲೆ ಅಮ್ಮನ ಹತ್ತಿರ ಹೇಳಿದಳು, ಅಮ್ಮ ಮಾವನಿಗೆ ಹೇಳಿದರು. ಮಾವ ತಾನೇ ಆರಿಸಿದ್ದು ಅಂದುಕೊಂಡರು." ಅವಳು ಚೊಂಬು ಬಗ್ಗಿಸಿ ಉಳಿದ ನೀರನ್ನು ಕೆಸುವಿನ ಬುಡಕ್ಕೆ ಹಾಕಿದಳು. "ನಾನು ಇವತ್ತಿನದ್ದು ಸೇರಿ ಹದಿನಾಲ್ಕು ಜನರನ್ನು ನೋಡಿದ್ದೇನೆ. ಒಬ್ಬನ ಮುಖವೂ ನೆನಪಿಲ್ಲ. ಬೇಡ ಅನ್ನುವುದೂ ನನಗೆ ಮಾಡ್ಲಿಕ್ಕೆ ಸಿಕ್ಕಿಲ್ಲ."

ರಮಾನಾಥ ತೊಳೆದ ಕೈಯನ್ನು ಪಂಚೆಗೆ ಒರೆಸಿಕೊಂಡ. ಮೂವತ್ತೊಂದು ವರ್ಷ ಅವನು ಚಾವಡಿಯಲ್ಲಿ ಕೂತು ಮಾತಿನ ಬಲದಿಂದ ಮದುವೆ ಮಾಡಿಸುತ್ತಿದ್ದೇನೆ ಎಂದುಕೊಂಡಿದ್ದ. ಮಾತು ಚಾವಡಿಯಲ್ಲಿ ನಡೆಯುತ್ತಿತ್ತು, ಮದುವೆ ಅಕ್ಕಿ ಡಬ್ಬಿಯ ಮೇಲೆ ಆಗುತ್ತಿತ್ತು.

ಸೋಮವಾರ ಅವನು ರವೂಫನ ಅಂಗಡಿಯಲ್ಲಿದ್ದ.

"ಬಳಸಿದ್ದು ವಾಪಸು ತಗೊಳ್ಳುವುದಿಲ್ಲ ಅಣ್ಣ" ಎಂದ ರವೂಫ್. "ಏನಾಯ್ತು, ಸಣ್ಣದಾಯ್ತಾ?"

"ದೊಡ್ಡದಾಯ್ತು. ಒಳಗೆ ಹೋಗುವುದಿಲ್ಲ."

"ಚೀಲದ ಒಳಗಾ?"

"ಅಡುಗೆಮನೆಯ ಒಳಗೆ."

ರವೂಫ್ ತಂಗಿಯ ಮುಖ ನೋಡಿದ. ಶಮ್ನಾ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟಳು. "ನಾನು ಆವತ್ತೇ ಕೇಳಿದೆನಲ್ಲ, ಯಾರು ನೋಡುವುದು ಅಂತ. ನನ್ನ ಮದುವೆಗೆ ಮುಂಚೆ ಅವರ ಫೋಟೊ ರವೂಫನ ಫೋನಿನಲ್ಲಿ ಇತ್ತು. ಫೋನು ರವೂಫನ ಜೇಬಿನಲ್ಲಿ ಇತ್ತು. ನಾನು ಗಂಡನ ಮುಖ ಸರಿಯಾಗಿ ನೋಡಿದ್ದು ಮದುವೆಯ ನಂತರ."

"ಒಳ್ಳೆಯವನೇ ಅಲ್ವಾ?" ಎಂದ ರವೂಫ್.

"ಒಳ್ಳೆಯವರೇ. ಅದು ನಿನ್ನ ಅದೃಷ್ಟ."

ಟೈಲರ್ ಬೀಫಾತಿಮಾಗೆ ರವಕೆಯ ಡಿಸೈನು ತೋರಿಸಲು ದೊಡ್ಡ ಟ್ಯಾಬ್ ಬೇಕಿತ್ತು. ರವಕೆಯನ್ನು ಮನೆಮಂದಿಯೆಲ್ಲ ಒಟ್ಟಿಗೆ ನೋಡಿದರೂ ತೊಂದರೆಯಿಲ್ಲ. ದೊಡ್ಡದು ಅಲ್ಲಿಗೆ ಹೋಗಿ, ರಮಾನಾಥನಿಗೆ ಎಂಟು ಇಂಚಿನ ಹಳೆಯದೊಂದು ಬಂತು. ಒಂದು ಕೈಯಲ್ಲಿ ಹಿಡಿಯಬಹುದು, ಇನ್ನೊಂದು ಕೈಯಲ್ಲಿ ಸೌಟು ಇದ್ದರೂ ಆಗುತ್ತದೆ. ಶಮ್ನಾ ಅದರಲ್ಲಿ ಒಂದೇ ಫೋಟೊ ನಿಲ್ಲುವ ಹಾಗೆ ಮಾಡಿಕೊಟ್ಟಳು. ಎಷ್ಟು ಸರಿಸಿದರೂ ಮುಂದಿನ ಹುಡುಗ ಬರುವುದಿಲ್ಲ.

"ಎರಡು ನಿಮಿಷ ಮುಟ್ಟದಿದ್ದರೆ ತಾನೇ ಆರಿಹೋಗ್ತದೆ. ಹಾಗೆ ಇಟ್ಟರೆ ಮೂರು ದಿನ ಚಾರ್ಜ್ ಬರ್ತದೆ. ನೋಡ್ತಾ ಇದ್ದರೆ ಮೂರು ಗಂಟೆ. ಬ್ಯಾಟರಿಗೆ ವಯಸ್ಸಾಗಿದೆ."

"ನನ್ನದೂ ಹಾಗೇ" ಎಂದ ರಮಾನಾಥ.

ಶುಕ್ರವಾರ ಸಂಜೆ, ಸುಪ್ರೀತಾ ಉಜಿರೆಯಿಂದ ಬರುವ ಹೊತ್ತಿಗೆ, ಅವನು ಮತ್ತೆ ವೇಣೂರಿನಲ್ಲಿ ಇಳಿದ. ತುಕ್ರಪ್ಪ ಬರಲು ಇನ್ನೂ ಎರಡು ದಿನ ಇತ್ತು.

"ಮತ್ತೆ ಯಾಕೆ ಬಂದಿರಿ ರಮಾನಾಥಣ್ಣ, ಕಾಲುನೋವಿನಲ್ಲಿ?" ಎಂದಳು ಪದ್ಮಾಕ್ಷಿ. "ಅಣ್ಣ ಬೇಡ ಅಂದ್ರಲ್ಲ."

"ಈ ಕಡೆ ಬಂದಿದ್ದೆ ಅಕ್ಕ. ಇದರಲ್ಲಿ ಚಾರ್ಜ್ ಮುಗಿದಿದೆ. ಒಳಗೆ ಎಲ್ಲಿಯಾದರೂ ಇಡಿ. ನಾಳೆ ಬಂದು ತಗೊಳ್ತೇನೆ, ಇವತ್ತು ಹೊರಲಿಕ್ಕೆ ಆಗುವುದಿಲ್ಲ."

ಟ್ಯಾಬಿನಲ್ಲಿ ಪೂರ್ತಿ ಚಾರ್ಜ್ ಇತ್ತು. ಪದ್ಮಾಕ್ಷಿ ಅವನನ್ನು ಒಂದು ಕ್ಷಣ ನೋಡಿದಳು. ಮೂವತ್ತು ವರ್ಷದಿಂದ ಅವನ ಸುಳ್ಳುಗಳ ಪರಿಚಯ ಇದ್ದವಳು. ಅದನ್ನು ಮಗಳ ಕೈಗೆ ಕೊಟ್ಟಳು. "ಒಳಗೆ ಇಡು."

ಮರುದಿನ ಎರಡನೇ ಶನಿವಾರ. ಬೆಳಿಗ್ಗೆ ಹತ್ತೂವರೆಯ ಬಸ್ಸಿಗೆ ರಮಾನಾಥ ಬಂದಾಗ ಸುಪ್ರೀತಾ ಜಗಲಿಯಲ್ಲಿ ಬಟ್ಟೆ ಮಡಚುತ್ತಿದ್ದಳು. ಟ್ಯಾಬನ್ನು ಒಂದು ಟವೆಲಿನಲ್ಲಿ ಸುತ್ತಿ ತಂದುಕೊಟ್ಟಳು. ಅವನು ಬಟನ್ ಒತ್ತಿದ. ಏನೂ ಬರಲಿಲ್ಲ. ಇನ್ನೊಮ್ಮೆ ಒತ್ತಿದ. ನಿನ್ನೆ ಹೇಳಿದ ಸುಳ್ಳು ಒಂದು ರಾತ್ರಿಯಲ್ಲಿ ನಿಜವಾಗಿತ್ತು.

"ಚಾರ್ಜ್ ಮುಗಿಯಿತು" ಎಂದಳು ಸುಪ್ರೀತಾ, ಮಡಚಿದ ಸೀರೆಯನ್ನೇ ನೋಡುತ್ತಾ. ಸೀರೆಯನ್ನು ಬದಿಗಿಟ್ಟು ಹೇಳಿದಳು: "ಅವರ ಹಿಂದೆ ಒಂದು ಬೋರ್ಡು ಉಂಟು. ಅದರಲ್ಲಿ ಬರೆದದ್ದು ಓದಿದ್ದೀರಾ?"

ರಮಾನಾಥ ಓದಿರಲಿಲ್ಲ. ಆ ಫೋಟೊವನ್ನು ಅವನು ಇನ್ನೂರು ಸಲ ತೆರೆದಿದ್ದ, ಒಮ್ಮೆಯೂ ನೋಡಿರಲಿಲ್ಲ.

"'ಊಟಕ್ಕೆ ಹೋಗಿದ್ದೇನೆ. ಅವಸರ ಇದ್ದವರು ಕೂತುಕೊಳ್ಳಿ. ಬೆಂಚು ಒಳಗೆ ಉಂಟು.' ಸೀಮೆಸುಣ್ಣದಲ್ಲಿ ಬರೆದದ್ದು." ಅವಳ ಬಾಯಿಯ ಒಂದು ಬದಿ ಸ್ವಲ್ಪ ಮೇಲೆ ಹೋಗಿ ಮತ್ತೆ ಜಾಗಕ್ಕೆ ಬಂತು. "ಅಕ್ಷರ ಚಂದ ಉಂಟು."

"ಕೂದಲು ಇಲ್ಲ ಅಂತ ನಿಮ್ಮ ಮಾವ..."

"ಕೂದಲು ಇಲ್ಲ. ನೋಡಿದೆ." ಅವಳು ಮುಂದಿನ ಬಟ್ಟೆ ತೆಗೆದುಕೊಂಡಳು. "ಬರ್ಲಿಕ್ಕೆ ಹೇಳಿ ರಮಾನಾಥಣ್ಣ. ಬಂದ ಮೇಲೆ ಬೇಡ ಅಂತ ಕಂಡರೆ ನಾನೇ ಹೇಳ್ತೇನೆ. ಆದಿತ್ಯವಾರ ಮಾತ್ರ ಬೇಡ."

ಒಳಗಿನಿಂದ ಪದ್ಮಾಕ್ಷಿಯ ದನಿ ಬಂತು: "ಬುಧವಾರ ಹೇಳಿ. ಅಣ್ಣನಿಗೆ ಆಮೇಲೆ ನಾನು ಹೇಳ್ತೇನೆ. ಅಣ್ಣನೇ ಆರಿಸಿದ್ದು ಅಂತ."

ರಮಾನಾಥ ಟ್ಯಾಬನ್ನು ಮತ್ತೆ ಟವೆಲಿನಲ್ಲೇ ಸುತ್ತಿ ಚೀಲಕ್ಕೆ ಹಾಕಿದ. ಜಿಪ್ಪು ಪೂರ್ತಿ ಬಿತ್ತು. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಮೊಣಕಾಲು ನೋಯುತ್ತಿತ್ತು. ಅವನು ಜಗಲಿಯ ತುದಿಯಲ್ಲಿ ಕೂತು ಕಾಲು ಚಾಚಿದ. ಈ ಸಲ ಒಳಗೆ ನಿಜವಾಗಿಯೂ ಕಾಫಿಯಷ್ಟೇ ಆಗುತ್ತಿತ್ತು.