ಮೂರು ಎಂದ ಮಂಡಿ

ಬಾಗಿಲ ಆಚೆ ಸ್ಟೇಪ್ಲರ್ ಕಟಕ್ ಎಂದಿತು, ಮತ್ತೊಮ್ಮೆ ಕಟಕ್, ಅಂದರೆ ದೊಡ್ಡ ಡಾಕ್ಟರು ಹೊಸ ಮಾತ್ರೆಯ ಪರೀಕ್ಷೆಯ ವರದಿಯ ಪ್ರತಿಗಳಿಗೆ ಪಿನ್ ಹೊಡೆಯುತ್ತಿದ್ದಾರೆ, ಸಂಜೆಯೊಳಗೆ ಕಳಿಸಬೇಕು, ಹೇಳುವುದಾದರೆ ಈಗಲೇ ಹೇಳಬೇಕು ಎಂದುಕೊಂಡ ನರ್ಸಮ್ಮ ಬೆಂಚು ಬಿಟ್ಟು ಏಳಲಿಲ್ಲ — ಎರಡು ವರ್ಷ, ನೂರ ನಲವತ್ತು ಜನರ ಮಂಡಿನೋವು, ಅರ್ಧ ಜನಕ್ಕೆ ಹಳೆಯ ಮಾತ್ರೆ, ಅರ್ಧ ಜನಕ್ಕೆ ಹೊಸದು, ತಿಂಗಳಿಗೊಮ್ಮೆ ಎದುರಿಗೆ ಕೂರಿಸಿಕೊಂಡು ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಕೇಳಿ ಬರೆದುಕೊಂಡವಳು ಇವಳೇ, ಯಾರಿಗೆ ಯಾವ ಮಾತ್ರೆ ಎಂಬ ಪಟ್ಟಿಯೂ ಇವಳ ಡ್ರಾಯರಿನಲ್ಲೇ ಇತ್ತು, ಇರಲಿ, ಕೈಗೆ ಸಿಗೋ ಹಾಗಿರಲಿ ಎಂದು ಡಾಕ್ಟರೇ ಕೊಟ್ಟಿದ್ದರು, ನಿನ್ನ ಮಾತಿಗೇ ಅರ್ಧ ನೋವು ಹೋಗುತ್ತಮ್ಮ ಎಂದು ಹೊಗಳಿಯೂ ಇದ್ದರು, ಆ ಹೊಗಳಿಕೆಗೆ ಉಬ್ಬಿಹೋದಳಲ್ಲ, ಹಳೆ ಮಾತ್ರೆಯವರು ಬಂದರೆ ಎಷ್ಟು ಎಂದಷ್ಟೇ ಕೇಳುವಳು, ಹೊಸ ಮಾತ್ರೆಯವರು ಬಂದರೆ ಮುಖ ಅರಳಿಸಿ, ಈ ಸಲ ಕಡಿಮೆ ಅಲ್ವಾ, ಹೌದಲ್ವಾ — ಬೇಕೆಂದು ಮಾಡಿದ್ದಲ್ಲ, ದೇವರಾಣೆ, ಆ ಮಾತ್ರೆ ಗೆಲ್ಲಲಿ ಎಂಬ ಆಸೆ, ಅಮ್ಮ ಕೊನೆಯ ಐದು ವರ್ಷ ಅಡುಗೆಮನೆಗೆ ತೆವಳಿಕೊಂಡೇ ಹೋಗುತ್ತಿದ್ದಳು, ನೋಯ್ತಿದೆಯೇನಮ್ಮ ಎಂದರೆ ಪರವಾಗಿಲ್ಲ ಬಿಡೇ ಎನ್ನುತ್ತಿದ್ದಳು, ಅಮ್ಮನ ಪರವಾಗಿಲ್ಲ ಎಂದರೇನೆಂದು ಗೊತ್ತಿದ್ದವಳಿಗೆ ಊರವರ ಪರವಾಗಿಲ್ಲ ತಿಳಿಯದೆ ಹೋಯಿತೇ.

ನಿನ್ನೆ ಕೊನೆಯವನಾಗಿ ಬಸ್ ತಾತ ಬಂದಿದ್ದ, ಮೂವತ್ತು ವರ್ಷ ಬಸ್ಸು ಓಡಿಸಿದವನು, ಹೊಸ ಮಾತ್ರೆಯವನು, ಮೂರು ಬರ್ಕೋ ಮಗಳೇ ಎಂದ, ಇವಳು ಮೂರು ಬರೆದಳು, ಕಿಟಕಿ ಮುಚ್ಚಲು ಎದ್ದಾಗ ಕಂಡಿತು, ತಾತ ಹೊರಗಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದ, ಎರಡೂ ಕೈ ಕಂಬಿಯ ಮೇಲೆ, ಒಂದು ಕಾಲು ಹಿಂದಕ್ಕೆ ಚಾಚಿ, ಹಿಮ್ಮಡಿಯಿಂದ ಗಾಳಿಯಲ್ಲಿ ಮೆಟ್ಟಿಲು ಹುಡುಕುತ್ತ — ಓಡಿಹೋಗಿ ಕೇಳಿದಳು, ಮೂರು ಅಂದ್ರಲ್ಲ ತಾತ ಎಂದು, ಎಂಟು ಅಂದ್ರೆ ನಿನ್ನ ಮುಖ ಸಪ್ಪಗಾಗುತ್ತೆ, ಅಷ್ಟು ಆಸೆಯಿಂದ ಕೇಳ್ತೀಯ, ಹೇಗಮ್ಮ ಹೇಳೋದು, ಎಂದು ತಾತ ನಕ್ಕ, ಇನ್ನೆಷ್ಟು ಜನ ಇವಳ ಮುಖ ನೋಡಿ ನೋವು ನುಂಗಿಕೊಂಡರೋ, ವರದಿ ಹೋದರೆ ಆ ಮಾತ್ರೆ ಊರೂರಿಗೆ ಹೋಗುತ್ತದೆ, ಕಂಡರಿಯದ ಅಮ್ಮಂದಿರು ಅದನ್ನೇ ನುಂಗಿ ತೆವಳುತ್ತಾರೆ, ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು, ಆದರೂ ಬಂತಲ್ಲ, ಕಟಕ್, ಇನ್ನೊಂದು ಪ್ರತಿ ಮುಗಿಯಿತು — ಎದ್ದಳು, ಬಾಗಿಲು ತಳ್ಳಿದಳು, ಸರ್, ಕಳಿಸಬೇಡಿ, ಕೇಳೋರಿಗೆ ಯಾವ ಮಾತ್ರೆ ಅಂತ ಗೊತ್ತಿರಬಾರದಾಗಿತ್ತು, ನನಗೆ ಗೊತ್ತಿತ್ತು, ಹೊಸಬರನ್ನ ಸೇರಿಸಿ ಮೊದಲಿಂದ ಮಾಡೋಣ, ಬೇರೆ ಯಾರಾದರೂ ಕೇಳಲಿ, ಬರೀ ಕೇಳೋದು ಬೇಡ, ಮೆಟ್ಟಿಲು ಹತ್ತಿಸಿ ಇಳಿಸಿ ನೋಡೋಣ, ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು, ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು, ಪಟ್ಟಿ ಕೊಟ್ಟವನು ನಾನೇ ಅಲ್ವಾ, ಎಂದು ಕುರ್ಚಿ ಎಳೆದುಕೊಟ್ಟರು, ಪಿನ್ ಹೊಡೆದ ಪ್ರತಿಗಳನ್ನು ಬೋರಲು ಹಾಕಿದರು, ಕೂತ್ಕೋಮ್ಮ, ನಿನಗನಿಸಿದ ಹಾಗೆ, ನಿಜವಾಗಿ ಎಷ್ಟು ಜನಕ್ಕೆ ಕಡಿಮೆಯಾಗಿದೆ — ಇವಳು ಲೆಕ್ಕ ಹಾಕಲು ಹೋದಳು, ನಗುಮುಖದ ಟೀಚರಮ್ಮ, ಅವಳ ನಾಲ್ಕು, ಟೈಲರಣ್ಣ, ಅವನ ಎರಡು, ಯಾವುದು ನಿಜವೋ, ಒಬ್ಬರೂ ಮುಖ ತೋರಿಸಲಿಲ್ಲ, ಎಲ್ಲರೂ ತಾತನ ಹಾಗೆ ಹಿಮ್ಮುಖವಾಗಿ ಇಳಿಯುತ್ತಿದ್ದಾರೆ, ಎರಡೂ ಕೈ ಕಂಬಿಯ ಮೇಲೆ, ಒಂದು ಹಿಮ್ಮಡಿ, ಗಾಳಿಯಲ್ಲಿ, ಇನ್ನೂ ಸಿಗದ ಮೆಟ್ಟಿಲು